ಮೊದಲ ಸಭೆಯತ್ತ ಮರಳುವ ಹಂಬಲ: ವಿನ್ನಿಪೆಗ್‌ನಿಂದ ಮದರಾಸಿನವರೆಗೆ

ಕ್ರೈಸ್ತಧರ್ಮದ ಇತಿಹಾಸದಲ್ಲಿ ಒಂದು ಹಂಬಲ ಮತ್ತೆ ಮತ್ತೆ ತಲೆಯೆತ್ತುತ್ತ ಬಂದಿದೆ. ಶತಮಾನಗಳ ಅವಧಿಯಲ್ಲಿ ಬೆಳೆದುನಿಂತ ಪಂಗಡ, ಪದವಿ, ವಿಧಿ, ಕಟ್ಟಡಗಳನ್ನೆಲ್ಲ ಬದಿಗಿರಿಸಿ, ಯೇಸುವಿನ ನೇರ ಶಿಷ್ಯರ ತಲೆಮಾರು ಹೇಗೆ ನಂಬಿತ್ತೋ ಹೇಗೆ ಕೂಡಿ ಬಾಳಿತ್ತೋ ಅಲ್ಲಿಗೇ ಹಿಂದಿರುಗಬೇಕೆಂಬುದು ಆ ಹಂಬಲ. ನಾನು ವಾಸಿಸುವ ನಾರ್ತ್ ಯಾರ್ಕ್ ಮತ್ತು ಟೊರಾಂಟೊದ ಇತರ ಭಾಗಗಳಲ್ಲಿ ‘ಗಾಸ್ಪೆಲ್ ಹಾಲ್’, ‘ಬೈಬಲ್ ಚಾಪೆಲ್’ ಎಂಬ ಸಾದಾ ಹಲಗೆ ಹೊತ್ತ, ಗೋಪುರವಿಲ್ಲದ ಕಟ್ಟಡಗಳಿವೆ. ಅವು ಬಹುಮಟ್ಟಿಗೆ ಈ ಹಂಬಲದ ಕುಡಿಗಳು. ಇದೇ ಹಂಬಲದ ಭಾರತೀಯ ಶಾಖೆಯೊಂದು ಕೆನಡಾದ ನೆಲದಲ್ಲಿ ಮೊಳೆತು ಮದರಾಸಿನಲ್ಲಿ ಬೇರೂರಿತೆಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದ ಸಂಗತಿ.

ಹಿಂದಿರುಗಬೇಕೆನ್ನುವವರ ಮೂಲ ಆಧಾರ ಸತ್ಯವೇದದ ‘ಅಪೊಸ್ತಲರ ಕೃತ್ಯಗಳು’ ಗ್ರಂಥದ ಎರಡನೆಯ ಅಧ್ಯಾಯ. ಅದರ 42ನೆಯ ವಚನ ಯೆರೂಸಲೇಮಿನ ಮೊದಲ ವಿಶ್ವಾಸಿಗಳ ನಾಲ್ಕು ನಡೆಗಳನ್ನು ಹೇಳುತ್ತದೆ: ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಇಲ್ಲಿ ಕನ್ನಡ ಅನುವಾದದ ಪದಗಳು ಗಮನಾರ್ಹ. ಇಂಗ್ಲಿಷಿನಲ್ಲಿ ‘ಚರ್ಚ್’ ಎಂದಾಗ ಕಟ್ಟಡವೂ ಸಂಸ್ಥೆಯೂ ಕಣ್ಣಮುಂದೆ ಬರುತ್ತವೆ. 1520ರ ದಶಕದಲ್ಲಿ ವಿಲಿಯಂ ಟಿಂಡೇಲ್ ಆ ಪದವನ್ನು ಬಿಟ್ಟು ‘ಕಾಂಗ್ರಿಗೇಶನ್’ ಎಂದು ಅನುವಾದಿಸಿದ್ದು ದೊಡ್ಡ ಜಗಳಕ್ಕೆ ಕಾರಣವಾಯಿತು. ಕನ್ನಡ ಸತ್ಯವೇದವಾದರೋ ಯಾವ ಗದ್ದಲವೂ ಇಲ್ಲದೆ ‘ಸಭೆ’ ಎನ್ನುತ್ತದೆ, ಅಂದರೆ ಕೂಡಿದ ಜನ. ಹಾಗೆಯೇ ‘ದೀಕ್ಷಾಸ್ನಾನ’ ಎಂಬ ಮಾತಿನಲ್ಲಿ ಸ್ನಾನವಿದೆ. ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಅದು ಸ್ನಾನವಾದೀತೇ ಎಂದು ಕನ್ನಡ ಓದುಗನೊಬ್ಬ ಕೇಳಿದರೆ ತಪ್ಪೇನಿಲ್ಲ.

ಆಧುನಿಕ ಕಾಲದಲ್ಲಿ ಈ ಚಿಂತನೆಗೆ ಹಲವು ಕವಲುಗಳಿವೆ. ಅಮೆರಿಕದಲ್ಲಿ 19ನೆಯ ಶತಮಾನದ ಆರಂಭದಲ್ಲಿ ಸ್ಟೋನ್ ಮತ್ತು ಕ್ಯಾಂಪ್‌ಬೆಲ್ ಅವರ ಚಳವಳಿ ‘ಚರ್ಚಸ್ ಆಫ್ ಕ್ರೈಸ್ಟ್’ ಮುಂತಾದ ಗುಂಪುಗಳನ್ನು ಹುಟ್ಟುಹಾಕಿತು. ನಮಗೆ ಹೆಚ್ಚು ಸಂಬಂಧಿಸಿದ್ದು ಇನ್ನೊಂದು ಕವಲು. 1820ರ ದಶಕದ ಕೊನೆಗೆ ಡಬ್ಲಿನ್‌ನಲ್ಲಿ ಕೆಲವರು, ದೀಕ್ಷೆ ಪಡೆದ ಪಾದ್ರಿಯಿಲ್ಲದೆಯೇ ಕೂಡಿ ರೊಟ್ಟಿ ಮುರಿಯತೊಡಗಿದರು. ಮುಂದೆ ಪ್ಲಿಮತ್ ಊರಿನ ಹೆಸರಿನಿಂದ ಇವರು ‘ಪ್ಲಿಮತ್ ಬ್ರದರನ್’ ಎನಿಸಿಕೊಂಡರು. ಅವರಲ್ಲಿ ಆಂಥನಿ ನಾರಿಸ್ ಗ್ರೋವ್ಸ್ (1795–1853) ಎಂಬಾತ ಎಕ್ಸೆಟರ್‌ನ ದಂತವೈದ್ಯ. ಒಳ್ಳೆಯ ಸಂಪಾದನೆಯನ್ನು ತೊರೆದು 1829ರಲ್ಲಿ ಬಾಗ್ದಾದಿಗೆ ಹೋದ. 1831ರ ಪ್ಲೇಗಿನಲ್ಲಿ ಹೆಂಡತಿಯನ್ನು ಕಳೆದುಕೊಂಡು, 1833ರಲ್ಲಿ ಭಾರತಕ್ಕೆ ಬಂದ. ಮುಂದೆ ಬಹುಕಾಲ ನೆಲೆಸಿದ್ದು ನಮ್ಮ ಕೋಲಾರದ ಗಡಿಗೆ ಹತ್ತಿರದ ಚಿತ್ತೂರಿನಲ್ಲಿ. ಭಾರತೀಯ ವಿಶ್ವಾಸಿಗಳು ಬಿಳಿಯ ಪಾದ್ರಿಗಾಗಿ ಕಾಯದೆ ತಾವೇ ಕರ್ತನ ಭೋಜನ ನಡೆಸಬಹುದು, ತಾವೇ ಬೋಧಿಸಬಹುದು ಎಂದು ಆತ ಹೇಳಿದ್ದು ಅಂದಿನ ಮಿಶನರಿಗಳಲ್ಲಿ ಅನೇಕರಿಗೆ ಹಿಡಿಸಲಿಲ್ಲ. ಆದರೆ ತಿರುನೆಲ್ವೇಲಿಯ ಅರುಳಪ್ಪನ್ ಅದನ್ನು ಗಟ್ಟಿಯಾಗಿ ಹಿಡಿದು, ವಿದೇಶಿ ಸಂಬಳವಿಲ್ಲದೆ ಸಭೆಗಳನ್ನು ಕಟ್ಟಿದರು.

ಆ ಮಾತಿನ ತೂಕ ತಿಳಿಯಬೇಕಾದರೆ ಅದೇ ದಶಕದ ಮಂಗಳೂರನ್ನು ನೋಡಬೇಕು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿತು. ಕಿಟ್ಟೆಲರ 1894ರ ನಿಘಂಟಿಗೆ ಕನ್ನಡಿಗರೆಲ್ಲರೂ ಋಣಿಗಳು. ಆದರೆ ಮತಾಂತರಗೊಂಡು ಜಾತಿಯಿಂದ ಹೊರಬಿದ್ದವನಿಗೆ ಮನೆ, ಕೆಲಸ, ಪೂಜೆ, ನ್ಯಾಯ ಎಲ್ಲವೂ ಒಂದೇ ಕಾಂಪೌಂಡಿನೊಳಗೆ ದೊರೆಯುತ್ತಿದ್ದಾಗ, ಸಭೆಯ ಯಜಮಾನಿಕೆ ಯಾರದೆಂದು ಕೇಳುವುದು ಸುಲಭವಿರಲಿಲ್ಲ. ಮೊದಲನೆಯ ಮಹಾಯುದ್ಧ ಬಂದು ಜರ್ಮನ್ ಮಿಶನರಿಗಳು ತೆರಳಬೇಕಾದಾಗ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

ಇನ್ನು ಕೆನಡಾದ ಕಥೆ. ಬಖ್ತ್ ಸಿಂಗ್ (1903–2000) ಪಂಜಾಬಿನ ಸಿಖ್ ಮನೆತನದಲ್ಲಿ ಹುಟ್ಟಿದವರು. ಮಿಶನ್ ಶಾಲೆಯಲ್ಲಿ ಓದಿದರೂ ಕ್ರೈಸ್ತಧರ್ಮವನ್ನು ದ್ವೇಷಿಸುತ್ತಿದ್ದರು. ಒಮ್ಮೆ ಕೈಗೆ ಬಂದ ಬೈಬಲನ್ನು ಹರಿದು ಚರ್ಮದ ರಟ್ಟನ್ನಷ್ಟೇ ಉಳಿಸಿಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1926ರಲ್ಲಿ ಇಂಜಿನಿಯರಿಂಗ್ ಓದಲು ಲಂಡನ್ನಿಗೆ, ಅಲ್ಲಿಂದ 1929ರಲ್ಲಿ ಕೃಷಿ ಇಂಜಿನಿಯರಿಂಗ್ ಓದಲು ವಿನ್ನಿಪೆಗ್‌ಗೆ ಬಂದರು. ಆ ಚಳಿಗಾಲದಲ್ಲಿ ಸ್ನೇಹಿತನಿಂದ ಹೊಸ ಒಡಂಬಡಿಕೆಯೊಂದನ್ನು ಪಡೆದು ಓದಿ ವಿಶ್ವಾಸಿಯಾದರು. ಜಾನ್ ಮತ್ತು ಈಡಿತ್ ಹೇವರ್ಡ್ ದಂಪತಿ ಅವರಿಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟರು. 1932ರಲ್ಲಿ ವ್ಯಾಂಕೂವರಿನಲ್ಲಿ ದೀಕ್ಷಾಸ್ನಾನವಾಯಿತು. 1933ರಲ್ಲಿ ಮುಂಬಯಿಗೆ ಬಂದಿಳಿದಾಗ, ಮನೆತನದ ಮಾನಕ್ಕಾಗಿ ವಿಷಯವನ್ನು ಗುಟ್ಟಾಗಿಡು ಎಂದು ತಂದೆತಾಯಿ ಬೇಡಿಕೊಂಡರು. ಒಪ್ಪದೆ ಬೀದಿಗಿಳಿದರು. ವರ್ಷಗಳ ಕಾಲ ಊರೂರು ತಿರುಗಿ ಬೋಧಿಸಿದ ಮೇಲೆ, 1941ರಲ್ಲಿ ಮದರಾಸಿನಲ್ಲಿ ‘ಯೆಹೋವ ಶಮ್ಮಾ’ ಎಂಬ ಸಭೆ ಆರಂಭವಾಯಿತು. 1950ರಲ್ಲಿ ಹೈದರಾಬಾದಿನ ‘ಹೆಬ್ರೋನ್’ ಮುಖ್ಯ ನೆಲೆಯಾಯಿತು. ಅಲ್ಲಿಂದ ಈ ಸಭೆಗಳು ಆಂಧ್ರದುದ್ದಕ್ಕೂ, ಬೆಂಗಳೂರು ಮೊದಲ್ಗೊಂಡು ಕರ್ನಾಟಕದಲ್ಲಿಯೂ ಹರಡಿದವು. ಆ 1941ರಲ್ಲಿಯೇ ಬ್ರದರನ್ ಪಂಥದವರು ಟೊರಾಂಟೊದಲ್ಲಿ ಎಮ್ಮಾವುಸ್ ಬೈಬಲ್ ಶಾಲೆಯನ್ನು ತೆರೆದದ್ದು ಬರಿಯ ಕಾಕತಾಳೀಯ.

ಈ ಸಭೆಗಳಲ್ಲಿ ನೆಲದ ಮೇಲೆ ಚಾಪೆ ಹಾಸಿ ಕೂಡುತ್ತಾರೆ. ಪಾದರಕ್ಷೆ ಹೊರಗೆ. ಗಂಡಸರು ಒಂದು ಬದಿ, ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಇನ್ನೊಂದು ಬದಿ. ಆರಾಧನೆ ಗಂಟೆಗಟ್ಟಲೆ ನಡೆದು, ‘ಪ್ರೀತಿಭೋಜನ’ವೆಂಬ ಸಹಪಂಕ್ತಿಯ ಊಟವಾಗುತ್ತದೆ. ಸೇವಕರಿಗೆ ಗೊತ್ತುಪಡಿಸಿದ ಸಂಬಳವಿಲ್ಲ. ಇದೆಲ್ಲವೂ ಹೊಸ ಒಡಂಬಡಿಕೆಯ ಮಾದರಿ ಎಂಬುದು ಅವರ ನಂಬಿಕೆ. ನನಗೆ ಮಾತ್ರ ಇದರಲ್ಲಿ ಯೆರೂಸಲೇಮಿನ ಜೊತೆಗೆ ಪಂಜಾಬೂ ಕಾಣುತ್ತದೆ. ಚಾಪೆ, ಮುಚ್ಚಿದ ತಲೆ, ಎಲ್ಲರಿಗೂ ಒಂದೇ ಪಂಕ್ತಿಯ ಲಂಗರು, ನಡುವೆ ಗ್ರಂಥ. ಅವರ ಯೌವನದ ವರ್ಷಗಳಲ್ಲಿಯೇ, 1920ರಿಂದ 1925ರವರೆಗೆ, ಅಕಾಲಿಗಳು ವಂಶಪಾರಂಪರ್ಯದ ಮಹಂತರ ಕೈಯಿಂದ ಗುರುದ್ವಾರಗಳನ್ನು ಬಿಡಿಸಿ ಸಮುದಾಯಕ್ಕೆ ಒಪ್ಪಿಸಲು ಹೋರಾಡಿದರು. ಮಧ್ಯವರ್ತಿಗಳನ್ನು ತೆಗೆದು ಮೂಲಕ್ಕೆ ಮರಳುವ ಮಾತು ಅವರಿಗೆ ಇಂಗ್ಲೆಂಡಿನಿಂದ ಬರಬೇಕಾಗಿರಲಿಲ್ಲ. ಯುರೋಪಿನ ಪಂಗಡಗಳನ್ನು ಬಿಟ್ಟು ಭಾರತೀಯರಾಗಿ ಉಳಿಯಲು, ಯುರೋಪಿಗಿಂತ ಹಳೆಯದಾದ ಸಭೆಯನ್ನು ಸಾಕ್ಷಿಗೆ ಕರೆಯುವುದು ಬಲವಾದ ವಾದವೂ ಆಗಿತ್ತು.

ಹಾಗಾದರೆ ಮೊದಲ ಕ್ರೈಸ್ತರು ನಿಜಕ್ಕೂ ಹೇಗಿದ್ದರು? ಹೊಸ ಒಡಂಬಡಿಕೆಯ ಹೊರಗೂ ಸಾಕ್ಷ್ಯಗಳಿವೆ. ಅವು ಯಾವ ಗುಂಪಿಗೂ ಪೂರ್ತಿ ಅನುಕೂಲವಾಗಿಲ್ಲ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಗ್ರಂಥಾಲಯದಲ್ಲಿ ಪತ್ತೆಯಾಗಿ 1883ರಲ್ಲಿ ಅಚ್ಚಾದ ‘ಡಿಡಾಖೆ’ ಎಂಬ ಪುಟ್ಟ ಕೈಪಿಡಿ, ದೀಕ್ಷಾಸ್ನಾನಕ್ಕೆ ಹರಿಯುವ ನೀರು ಮೇಲು ಎನ್ನುತ್ತದೆ. ಸಿಗದಿದ್ದರೆ ತಲೆಯ ಮೇಲೆ ಮೂರು ಬಾರಿ ಸುರಿದರೂ ಆದೀತು ಎನ್ನುತ್ತದೆ. ಮುಳುಗಿಸಬೇಕೋ ಸುರಿಯಬೇಕೋ ಎಂದು ಶತಮಾನಗಟ್ಟಲೆ ಬಡಿದಾಡಿದವರು ಇದನ್ನು ಮೊದಲೇ ಓದಿದ್ದರೆ ಎಷ್ಟೋ ಮಸಿ ಉಳಿಯುತ್ತಿತ್ತು. ಸುಮಾರು ಕ್ರಿ.ಶ. 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಗೊತ್ತಾದ ದಿನ ನಸುಕಿನಲ್ಲಿ ಕೂಡಿ ಕ್ರಿಸ್ತನಿಗೆ ಸ್ತೋತ್ರ ಹಾಡುವುದನ್ನೂ, ಮತ್ತೆ ಸೇರಿ ಊಟ ಮಾಡುವುದನ್ನೂ ವಿವರಿಸಿದ್ದಾನೆ. ವಿಚಾರಣೆಗಾಗಿ ಅವನು ಚಿತ್ರಹಿಂಸೆಗೆ ಗುರಿಪಡಿಸಿದ್ದು ಇಬ್ಬರು ದಾಸಿಯರನ್ನು. ಅವರಿಗೆ ಸಭೆಯಲ್ಲಿ ಪರಿಚಾರಿಕೆಯರೆಂಬ ಸ್ಥಾನವಿತ್ತು. ಇಂದು ಬಹುಪಾಲು ಬ್ರದರನ್ ಸಭೆಗಳಲ್ಲಿ ಹೆಂಗಸರು ಬೋಧಿಸುವುದಿಲ್ಲ. ಅದಕ್ಕೆ ಪೌಲನ ಪತ್ರಗಳ ಆಧಾರ ಕೊಡುತ್ತಾರೆ. ಅದೇ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಫೊಯಿಬೆ ಎಂಬ ಸಭಾಸೇವಕಿಯ ಹೆಸರು ಮೊದಲು ಬರುತ್ತದೆ.

ಸಿರಿಯಾದ ದುರಾ ಯೂರೋಪಸ್‌ನಲ್ಲಿ 1930ರ ದಶಕದಲ್ಲಿ ಅಗೆದು ತೆಗೆದ ಮೂರನೆಯ ಶತಮಾನದ ಮನೆಸಭೆಯೊಂದು ಇನ್ನೂ ಸ್ವಾರಸ್ಯಕರ. ಅದು ಮನೆಯೇ, ಗೋಪುರವಿಲ್ಲ. ಆದರೆ ಗೋಡೆಗಳ ಮೇಲೆ ಚಿತ್ರಗಳಿವೆ, ಬೋಳು ಗೋಡೆಯ ಹಾಲ್‌ಗಳವರು ಮುಜುಗರಪಡುವಷ್ಟು. ಅವುಗಳಲ್ಲಿ ಒಂದು, ಪಾರ್ಶ್ವವಾಯು ರೋಗಿ ತನ್ನ ಹಾಸಿಗೆಯನ್ನು ತಾನೇ ಹೊತ್ತು ನಡೆಯುವ ಚಿತ್ರ. ನನ್ನ ವೃತ್ತಿಯವರಿಗೆ ಅದು ಪ್ರಿಯವಾಗದಿರದು.

42ನೆಯ ವಚನವನ್ನು ಹಿಡಿದವರಲ್ಲಿ ಬಹುತೇಕರು 44 ಮತ್ತು 45ನೆಯದನ್ನು ಮೆಲ್ಲನೆ ದಾಟಿಹೋಗುತ್ತಾರೆ. ಆಸ್ತಿಯನ್ನು ಮಾರಿ ಎಲ್ಲವನ್ನೂ ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೊಂಡ ಸಂಗತಿ ಅಲ್ಲಿದೆ. ಅದನ್ನು ಅಕ್ಷರಶಃ ಪಾಲಿಸಿದವರು 16ನೆಯ ಶತಮಾನದಿಂದ ಬಂದ ಹಟರೈಟರು. ಅವರು 1918ರಲ್ಲಿ ಅಮೆರಿಕದಿಂದ ಕೆನಡಾಕ್ಕೆ ಬಂದು ಮ್ಯಾನಿಟೋಬಾ ಮತ್ತು ಆಲ್ಬರ್ಟಾಗಳಲ್ಲಿ ನೆಲೆಸಿ ಇಂದಿಗೂ ಸಾಮೂಹಿಕ ಒಡೆತನದಲ್ಲಿ ಬಾಳುತ್ತಾರೆ. ಬಖ್ತ್ ಸಿಂಗರು ಹೊಸ ಒಡಂಬಡಿಕೆ ಓದುತ್ತಿದ್ದ ಕಾಲದಲ್ಲಿ ಅವರು ಅದೇ ಪ್ರಾಂತದಲ್ಲಿ ಹೊಲ ಉಳುತ್ತಿದ್ದರು.

ಮೂಲಕ್ಕೆ ಮರಳಲು ಇನ್ನೊಂದು ದಾರಿಯೂ ಉಂಟು. ಅದನ್ನು ತುಳಿದದ್ದು ದಕ್ಷಿಣ ಭಾರತ ಸಭೆ, ನಮ್ಮವರ ಬಾಯಲ್ಲಿ ಸಿ.ಎಸ್.ಐ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಪರಂಪರೆಗಳು ಒಂದಾದವು. ಬಾಸೆಲ್ ಮಿಶನ್ ಮೂಲದ ಕನ್ನಡ ಸಭೆಗಳೂ ಕಾಲಕ್ರಮದಲ್ಲಿ ಅದರ ಭಾಗವಾದವು. 1950ರಲ್ಲಿ ಅದು ರೂಪಿಸಿದ ಆರಾಧನಾ ಕ್ರಮ ಪ್ರಾಚೀನ ಪದ್ಧತಿಗಳನ್ನು ಹುಡುಕಿ ತಂದಿತು. ಸಭಾಪಾಲಕ ಜನರತ್ತ ಮುಖಮಾಡಿ ನಿಂತ. ಕೈಯಿಂದ ಕೈಗೆ ಶಾಂತಿಯನ್ನು ಹಸ್ತಾಂತರಿಸುವ ಕ್ರಮ ಕೇರಳದ ಸಿರಿಯನ್ ಕ್ರೈಸ್ತರ ಬಳಕೆಯಿಂದ ಬಂದಿತು. ಇಂದು ಕೆನಡಾದ ಅನೇಕ ಚರ್ಚುಗಳಲ್ಲಿ ಪಕ್ಕದವರ ಕೈಹಿಡಿದು ಶಾಂತಿ ಕೋರುತ್ತಾರಲ್ಲ, ಆ ರೂಢಿ ಮತ್ತೆ ಜೀವ ಪಡೆದುದರಲ್ಲಿ ದಕ್ಷಿಣ ಭಾರತದ ಪಾಲಿದೆ. ಬೇರೂರಿದ ಮರವನ್ನು ಕಡಿಯದೆ ಬೇರಿಗೆ ನೀರೆರೆದ ಈ ಕ್ರಮ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ವೈದ್ಯನಾಗಿ ನಾನು ಸುಮ್ಮನಿರಲಾರದ ವಿಷಯ ಒಂದಿದೆ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ, ರೋಗಿಯು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎನ್ನುತ್ತದೆ. ಮೊದಲ ಸಭೆಯಂತೆ ನಡೆಯುವೆವೆನ್ನುವ ಕೆಲವು ಗುಂಪುಗಳು ಇದರಿಂದ ಔಷಧವೇ ಬೇಡವೆಂಬ ತೀರ್ಮಾನಕ್ಕೆ ಬಂದಿವೆ. 1924ರಲ್ಲಿ ಸಿಲೋನಿನಲ್ಲಿ ಆರಂಭವಾದ ಪೆಂಟೆಕೋಸ್ಟಲ್ ಮಿಶನ್ನಿನ ಪೂರ್ಣಾವಧಿ ಸೇವಕರು ಔಷಧ ಸೇವಿಸುವುದಿಲ್ಲ. ಆದರೆ ಆ ಕಾಲದಲ್ಲಿ ಎಣ್ಣೆಯೂ ಔಷಧವೇ. ಲೂಕನ ಸುವಾರ್ತೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟುತ್ತಾನೆ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ತಿಮೊಥೆಗೆ ಬರೆದದ್ದು ಸಂಕ್ಷಿಪ್ತವಾದರೂ ಒಂದು ಔಷಧಚೀಟಿಯೇ. ಲೂಕನನ್ನು ಕೊಲೊಸ್ಸೆಯವರಿಗೆ ಬರೆದ ಪತ್ರ ಪ್ರಿಯ ವೈದ್ಯನೆಂದು ಕರೆಯುತ್ತದೆ. ಸುಮಾರು ಕ್ರಿ.ಶ. 155ರಲ್ಲಿ ಜಸ್ಟಿನ್ ಬರೆದ ಸಮರ್ಥನೆಯ ಪ್ರಕಾರ, ಭಾನುವಾರದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಾಳುಗಳಿಗೆ, ಪರಊರಿನಿಂದ ಬಂದವರಿಗೆ ಸಲ್ಲುತ್ತಿತ್ತು. ಮಗುವಿಗೆ ಇನ್ಸುಲಿನ್ ನಿಲ್ಲಿಸಿ ಅದನ್ನು ಅಪೊಸ್ತಲರ ದಾರಿ ಎನ್ನುವವರಿಗೆ ಈ ಸಾಕ್ಷ್ಯಗಳಲ್ಲಿ ಒಂದೂ ನೆರವಾಗದು.

ಬ್ರದರನ್ ಮಾದರಿಯ ಸಭೆಗೆ ಮೊದಲ ಬಾರಿ ಹೋಗುವ ಓದುಗರಿಗೆ ಒಂದು ಸೂಚನೆ. ಹಾಡಿಗೆ, ಬೋಧನೆಗೆ ಯಾರು ಬೇಕಾದರೂ ಕೂಡಬಹುದು. ಆದರೆ ಅನೇಕ ಕಡೆ ಅಪರಿಚಿತರಿಗೆ ರೊಟ್ಟಿ, ಪಾತ್ರೆ ನೀಡುವುದಿಲ್ಲ. ಊರು ಬಿಟ್ಟು ಊರಿಗೆ ಹೋಗುವವರು ತಮ್ಮ ಸಭೆಯ ಹಿರಿಯರಿಂದ ಶಿಫಾರಸು ಪತ್ರ ತರಬೇಕೆಂಬ ಪದ್ಧತಿ ಇದೆ. ಬೆಂಗಳೂರಿನಿಂದ ಟೊರಾಂಟೊಗೆ ಬರುವ ಇಂಥ ಸಭೆಗಳವರು ಪಾಸ್‌ಪೋರ್ಟಿನ ಜೊತೆಗೆ ಇದನ್ನೂ ಬರೆಸಿಕೊಂಡು ಬಂದರೆ ಒಳ್ಳೆಯದು. ಪೌಲನು ಫೊಯಿಬೆಗಾಗಿ ರೋಮಾಪುರದವರಿಗೆ ಬರೆದ ಶಿಫಾರಸಿನ ಮಾತೇ ಇದಕ್ಕೆ ಮಾದರಿ.