ನಲ್ಲಿ ಯಾರ ಕೈಲಿದೆ? ಭಾರತದ ಕ್ರಿಪ್ಟೋ ಎಕ್ಸ್‌ಚೇಂಜ್‌ಗಳ ಕತೆ, 2013ರಿಂದ

(1)

ಹೋದ ವಾರ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ: "ಇಂಡಿಯಾದಲ್ಲಿ ಕ್ರಿಪ್ಟೋ ಬ್ಯಾನ್ ಆಗಿದೆಯಾ?" ನಮ್ಮ ಕ್ಲಾಸಿನವರೇ ಮುಕ್ಕಾಲು ಪಾಲು ಜನ "ಹೌದು" ಅಂತ ಒತ್ತಿದ್ರಿ. ಒಬ್ಬ ಅಂತೂ "ಬ್ಯಾನ್ ಆಗಿ, ಅನ್‌ಬ್ಯಾನ್ ಆಗಿ, ಮತ್ತೆ ಬ್ಯಾನ್ ಆಗಿದೆ ಗುರು" ಅಂತ ಮೆಸೇಜ್ ಮಾಡಿದ್ದ. ತಪ್ಪು ಉತ್ತರವೇ, ಆದ್ರೆ ಯಾಕೆ ಹಾಗನ್ನಿಸುತ್ತೆ ಅನ್ನೋದು ನನಗೆ ಅರ್ಥ ಆಗುತ್ತೆ.

ಕ್ರಿಪ್ಟೋ ಇಟ್ಟುಕೊಳ್ಳೋದು, ಮಾರೋದು ಅಪರಾಧ ಅಂತ ಹೇಳೋ ಕಾನೂನು ನಮ್ಮಲ್ಲಿ ಯಾವತ್ತೂ ಬಂದಿಲ್ಲ. ಎಕ್ಸ್‌ಚೇಂಜ್ ಹೇಗೆ ನಡೀಬೇಕು, ಗ್ರಾಹಕರ ಕಾಯಿನ್ ಎಲ್ಲಿಡಬೇಕು, ಕಳವಾದ್ರೆ ಯಾರು ತುಂಬಿಕೊಡಬೇಕು ಅಂತ ಹೇಳೋ ಪ್ರತ್ಯೇಕ ಕಾನೂನೂ ಬಂದಿಲ್ಲ. ನಮ್ಮಲ್ಲಿ ಆಗಿದ್ದು ಬೇರೆ. ಅಂಗಡಿಯನ್ನ ಮುಟ್ಟಲೇ ಇಲ್ಲ, ಅಂಗಡಿಗೆ ಬರೋ ನೀರಿನ ನಲ್ಲಿಯನ್ನ ಒಮ್ಮೆ ತಿರುಗಿಸೋದು, ಒಮ್ಮೆ ಬಿಡೋದು. ಆ ನಲ್ಲಿ ಅಂದ್ರೆ ಬ್ಯಾಂಕ್ ಖಾತೆ. ಆಮೇಲೆ ಯುಪಿಐ. ಆಮೇಲೆ ಟ್ಯಾಕ್ಸ್.

ಇದನ್ನ ಬರೀತಿರೋದಕ್ಕೆ ಒಂದು ಸ್ವಂತ ಕಾರಣವೂ ಇದೆ. ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತಲೇ ಕರೆಯೋದು, ಈ ನಲ್ಲಿ ತಿರುಗಿಸೋ ಆಟದಲ್ಲಿ ಸಿಕ್ಕಿಹಾಕಿಕೊಂಡ. ಆ ಕತೆ ನಾಲ್ಕನೇ ಪೋಸ್ಟಲ್ಲಿ.

(2)

ಶುರುವಾಗೋದು 2013ರಿಂದ. ಆ ವರ್ಷ ಬಿಟ್‌ಕಾಯಿನ್ ಮೊದಲ ಸಲ ಸಾವಿರ ಡಾಲರ್ ದಾಟಿತು. ನಮ್ಮಲ್ಲೂ ಎಕ್ಸ್‌ಚೇಂಜ್‌ಗಳು ಹುಟ್ಟಿಕೊಂಡವು. ಬೆಂಗಳೂರಿನ ಯುನೋಕಾಯಿನ್ ಆ ಕಾಲದ್ದೇ. ಡಿಸೆಂಬರ್ 24ಕ್ಕೆ ರಿಸರ್ವ್ ಬ್ಯಾಂಕ್ ಒಂದು ಎಚ್ಚರಿಕೆ ಹೊರಡಿಸಿತು: ಇದಕ್ಕೆ ಯಾರ ಗ್ಯಾರಂಟಿಯೂ ಇಲ್ಲ, ದುಡ್ಡು ಹೋದ್ರೆ ನಿಮ್ಮ ಹೊಣೆ. ಅದು ನಿಷೇಧ ಅಲ್ಲ, ಬರೀ ಬುದ್ಧಿಮಾತು. ಆದರೂ ಕೆಲವೇ ದಿನಗಳಲ್ಲಿ ಹಲವು ಸೈಟ್‌ಗಳು ತಾವಾಗೇ ಬಾಗಿಲು ಹಾಕಿದವು, ಅಹಮದಾಬಾದಿನ ಒಂದು ಎಕ್ಸ್‌ಚೇಂಜ್ ಮೇಲೆ ಇ.ಡಿ. ದಾಳಿಯೂ ಆಯಿತು. 2017ರಲ್ಲಿ ಇದೇ ಎಚ್ಚರಿಕೆಯನ್ನ ಫೆಬ್ರವರಿಯಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಮತ್ತೆ ಹೇಳಿದರು. ಆಗ ಬೆಲೆ ಏರುತ್ತಿತ್ತು, ಯಾರೂ ಕೇಳಿಸಿಕೊಳ್ಳಲಿಲ್ಲ.

2018ರ ಏಪ್ರಿಲ್ 6ಕ್ಕೆ ನಿಜವಾದ ಹೊಡೆತ ಬಿತ್ತು. ರಿಸರ್ವ್ ಬ್ಯಾಂಕಿನ ಸುತ್ತೋಲೆ ಎಕ್ಸ್‌ಚೇಂಜ್‌ಗಳಿಗೆ ಬರೆದದ್ದೇ ಅಲ್ಲ, ಬ್ಯಾಂಕ್‌ಗಳಿಗೆ ಬರೆದದ್ದು. ವರ್ಚುವಲ್ ಕರೆನ್ಸಿ ವ್ಯವಹಾರ ಮಾಡುವವರಿಗೆ ಖಾತೆ, ಸಾಲ, ಹಣ ವರ್ಗಾವಣೆ, ಯಾವ ಸೇವೆಯನ್ನೂ ಕೊಡಬೇಡಿ. ಈಗಾಗಲೇ ಕೊಡ್ತಿದ್ರೆ ಮೂರು ತಿಂಗಳಲ್ಲಿ ನಿಲ್ಲಿಸಿ. ಎಕ್ಸ್‌ಚೇಂಜ್‌ಗಳು ಸುಪ್ರೀಂ ಕೋರ್ಟಿಗೆ ಓಡಿದವು, ಜುಲೈ 3ರಂದು ತಡೆಯಾಜ್ಞೆ ಸಿಗಲಿಲ್ಲ. ಆ ವಾರವೇ ನಲ್ಲಿ ಬಂದ್.

ಈಗ ಯೋಚನೆ ಮಾಡಿ. ನಿಮ್ಮ ಅಂಗಡಿ ಕಾನೂನುಬಾಹಿರ ಅಲ್ಲ. ಆದ್ರೆ ಗಿರಾಕಿ ದುಡ್ಡು ಕೊಡೋಕೂ ಆಗಲ್ಲ, ನೀವು ವಾಪಸ್ ಕೊಡೋಕೂ ಆಗಲ್ಲ. ಝೆಬ್‌ಪೇ ಸೆಪ್ಟೆಂಬರ್ ಕೊನೆಗೆ ಇಲ್ಲಿನ ವಹಿವಾಟು ನಿಲ್ಲಿಸಿತು. ಕಾಯಿನ್‌ಡೆಲ್ಟಾ, ಕಾಯಿನೆಕ್ಸ್ 2019ರಲ್ಲಿ ಮುಚ್ಚಿದವು.

ಯುನೋಕಾಯಿನ್‌ನವರು ಒಂದು ಐಡಿಯಾ ಮಾಡಿದರು, ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ದೃಶ್ಯ ಇದು. ಬ್ಯಾಂಕ್ ಇಲ್ಲ ತಾನೇ? ನೋಟು ಇದೆಯಲ್ಲ! ಅಕ್ಟೋಬರ್ 2018ರಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಎಟಿಎಂ ತರಹದ ಒಂದು ಯಂತ್ರ ನಿಲ್ಲಿಸಿದರು. ನೋಟು ಹಾಕಿದ್ರೆ ನಿಮ್ಮ ಯುನೋಕಾಯಿನ್ ಖಾತೆಗೆ ರೂಪಾಯಿ ಜಮಾ, ಅದರಿಂದ ಕಾಯಿನ್ ಕೊಳ್ಳಬಹುದು. ಪೇಪರಿನಲ್ಲಿ "ಭಾರತದ ಮೊದಲ ಬಿಟ್‌ಕಾಯಿನ್ ಎಟಿಎಂ" ಅಂತ ಬಂತು. ಕೆಲವೇ ದಿನಗಳಲ್ಲಿ ಪೊಲೀಸರೂ ಬಂದರು. ಯಂತ್ರ ಜಪ್ತಿ, ಸಹಸಂಸ್ಥಾಪಕರ ಬಂಧನ. ಅನುಮತಿ ಇಲ್ಲದೆ ಇಟ್ಟಿದ್ದಾರೆ ಅನ್ನೋದು ಪೊಲೀಸರ ಮಾತು. ಯಾವ ಅನುಮತಿ, ಯಾರ ಹತ್ತಿರ ಕೇಳಬೇಕಿತ್ತು ಅನ್ನೋದಕ್ಕೆ ಉತ್ತರ ಕೊಡೋ ಕಾನೂನೇ ಇರಲಿಲ್ಲ. ಅರ್ಜಿ ಹಾಕೋಕೆ ಕಿಟಕಿಯೇ ಇಲ್ಲದ ಕಚೇರಿ ಅದು.

(3)

2019ರಲ್ಲಿ ಸುಭಾಷ್ ಚಂದ್ರ ಗರ್ಗ್ ಸಮಿತಿ ಪೂರ್ತಿ ನಿಷೇಧಕ್ಕೆ ಶಿಫಾರಸು ಮಾಡಿತು, 10 ವರ್ಷದವರೆಗೆ ಜೈಲು ಇದ್ದ ಕರಡು ಮಸೂದೆಯ ಸಮೇತ. ಅದು ಕರಡಾಗೇ ಉಳೀತು.

2020ರ ಮಾರ್ಚ್ 4. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಸುತ್ತೋಲೆಯನ್ನ ರದ್ದು ಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್. ವಾಟ್ಸಾಪಿನಲ್ಲಿ "ಕೋರ್ಟು ಕ್ರಿಪ್ಟೋಗೆ ಜೈ ಅಂದಿದೆ" ಅಂತ ಓಡಾಡಿತ್ತಲ್ಲ, ಹಾಗಲ್ಲ. ರಿಸರ್ವ್ ಬ್ಯಾಂಕಿಗೆ ಇದನ್ನ ನಿಯಂತ್ರಿಸೋ ಅಧಿಕಾರ ಇದೆ ಅಂತಲೇ ಕೋರ್ಟು ಹೇಳಿತು. ಕೇಳಿದ ಪ್ರಶ್ನೆ ಇಷ್ಟು: ಈ ವ್ಯವಹಾರದಿಂದ ನಿಮ್ಮ ಅಧೀನದ ಯಾವ ಬ್ಯಾಂಕಿಗೆ ಏನು ನಷ್ಟ ಆಗಿದೆ, ತೋರಿಸಿ. ತೋರಿಸೋಕೆ ಆಗಲಿಲ್ಲ. ಸರ್ಕಾರ ನಿಷೇಧ ಮಾಡದ ಒಂದು ವ್ಯಾಪಾರದ ಉಸಿರು ಕಟ್ಟಿಸೋದು ಸಂವಿಧಾನದ 19(1)(ಜಿ) ವಿಧಿ ಕೊಟ್ಟಿರೋ ವ್ಯಾಪಾರದ ಹಕ್ಕಿಗೆ ಅತಿಯಾದ ಹೊಡೆತ. ನೊಣ ಹೊಡೆಯೋಕೆ ಒನಕೆ ಎತ್ತಿದ ಹಾಗೆ, ನನ್ನ ಮಾತಲ್ಲಿ ಹೇಳೋದಾದ್ರೆ.

ಸುತ್ತೋಲೆ ಹೋಯಿತು, ಭಯ ಹೋಗಲಿಲ್ಲ. ಒಂದು ವರ್ಷ ಕಳೆದ ಮೇಲೂ ಕೆಲವು ಬ್ಯಾಂಕ್‌ಗಳು ಗ್ರಾಹಕರಿಗೆ ಅದೇ ಸತ್ತ ಸುತ್ತೋಲೆಯನ್ನ ತೋರಿಸಿ ಹೆದರಿಸ್ತಾ ಇದ್ದವು. ಕೊನೆಗೆ ರಿಸರ್ವ್ ಬ್ಯಾಂಕೇ 2021ರ ಮೇ 31ಕ್ಕೆ "ಅದನ್ನ ಉಲ್ಲೇಖಿಸಬೇಡಿ, ಅದು ಜಾರಿಯಲ್ಲಿಲ್ಲ" ಅಂತ ಬರೆಯಬೇಕಾಯಿತು.

ಅದೇ ವರ್ಷ ನವೆಂಬರ್‌ನಲ್ಲಿ ಸಂಸತ್ತಿನ ಕಾರ್ಯಸೂಚಿಯಲ್ಲಿ ಖಾಸಗಿ ಕ್ರಿಪ್ಟೋ ನಿಷೇಧದ ಮಸೂದೆಯ ಹೆಸರು ಕಾಣಿಸಿತು. ಹೆಸರು ಮಾತ್ರ. ಭಾರತದ ಎಕ್ಸ್‌ಚೇಂಜ್‌ಗಳಲ್ಲಿ ಜನ ಗಾಬರಿಬಿದ್ದು ಮಾರಿ, ಬೆಲೆ ಹೊರಗಿನ ಮಾರುಕಟ್ಟೆಗಿಂತ ಕೆಳಗೆ ಬಿತ್ತು. ಮಸೂದೆ ಮಂಡನೆ ಆಗಲೇ ಇಲ್ಲ. ಆ ರಾತ್ರಿ ಮಾರಿದವರ ನಷ್ಟ ಮಾತ್ರ ನಿಜವಾದದ್ದು.

ಇನ್ನೊಂದು ಬೆಂಗಳೂರಿನ ದೃಶ್ಯ, ಚಿಕ್ಕದು. 2022ರ ಏಪ್ರಿಲ್ 7. ಅಮೆರಿಕದ ದೊಡ್ಡ ಎಕ್ಸ್‌ಚೇಂಜ್ ಕಾಯಿನ್‌ಬೇಸ್ ನಮ್ಮೂರಲ್ಲಿ ಕಾರ್ಯಕ್ರಮ ಮಾಡಿ, ಯುಪಿಐನಿಂದಲೇ ಕಾಯಿನ್ ಕೊಳ್ಳಿ ಅಂತ ಘೋಷಿಸಿತು. ಅದೇ ದಿನ ಎನ್‌ಪಿಸಿಐ ಹೇಳಿಕೆ: ಯಾವುದೇ ಕ್ರಿಪ್ಟೋ ಎಕ್ಸ್‌ಚೇಂಜ್ ಯುಪಿಐ ಬಳಸ್ತಿರೋದು ನಮಗೆ ಗೊತ್ತಿಲ್ಲ. ಅಷ್ಟೇ. ನಿಷೇಧ ಅಂತ ಇಲ್ಲ, ದಂಡ ಅಂತ ಇಲ್ಲ. ಮೂರೇ ದಿನದೊಳಗೆ ಕಾಯಿನ್‌ಬೇಸ್ ಯುಪಿಐ ನಿಲ್ಲಿಸಿತು, ಬೇರೆ ಎಕ್ಸ್‌ಚೇಂಜ್‌ಗಳೂ ರೂಪಾಯಿ ಹಾಕೋ ದಾರಿಗಳನ್ನ ಮುಚ್ಚಿದವು. ರಿಸರ್ವ್ ಬ್ಯಾಂಕಿನಿಂದ ಅನೌಪಚಾರಿಕ ಒತ್ತಡ ಇತ್ತು ಅಂತ ಕಂಪನಿಯ ಮುಖ್ಯಸ್ಥ ಬ್ರಿಯಾನ್ ಆರ್ಮ್‌ಸ್ಟ್ರಾಂಗ್ ಮುಂದಿನ ತಿಂಗಳು ಬಾಯಿಬಿಟ್ಟರು. ಸುಪ್ರೀಂ ಕೋರ್ಟು ರದ್ದು ಮಾಡಬೇಕಂದ್ರೆ ಒಂದು ಕಾಗದ ಇರಬೇಕು. ಇಲ್ಲಿ ಕಾಗದವೇ ಇರಲಿಲ್ಲ.

(4)

ಈಗ ಅಣ್ಣನ ವಿಷಯ.

2022ರ ಬಜೆಟ್‌ನಲ್ಲಿ ಎರಡು ತೆರಿಗೆ ಬಂದವು. ಏಪ್ರಿಲ್ 1ರಿಂದ ಲಾಭದ ಮೇಲೆ 30%. ಒಂದು ಕಾಯಿನ್‌ನ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಬಿಟ್‌ಕಾಯಿನ್‌ನಲ್ಲಿ ಒಂದು ಲಕ್ಷ ಬಂದು, ಈಥರ್‌ನಲ್ಲಿ ಒಂದು ಲಕ್ಷ ಹೋದ್ರೆ ನಿಮ್ಮ ಕೈಲಿ ಸೊನ್ನೆ, ಆದರೂ 30,000 ಟ್ಯಾಕ್ಸ್, ಮೇಲೆ ಸೆಸ್. ಜುಲೈ 1ರಿಂದ ಪ್ರತಿ ಮಾರಾಟದ ಮೇಲೆ 1% ಟಿಡಿಎಸ್. ಒಂದು ಪರ್ಸೆಂಟ್ ತಾನೇ ಅನ್ನಬೇಡಿ. 10,000 ರೂಪಾಯಿಯನ್ನ ನೂರು ಸಲ ಕೊಂಡು ಮಾರಿದ್ರೆ, ಬೆಲೆ ಒಂದು ಪೈಸೆ ಅಲುಗದಿದ್ರೂ ಕೊನೆಗೆ ಆಡೋಕೆ ಉಳಿಯೋದು ಸುಮಾರು 3,660. ಉಳಿದದ್ದು ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಸಿಗುತ್ತೆ ನಿಜ, ಅಲ್ಲಿಯವರೆಗೆ ಸರ್ಕಾರದ ಹತ್ತಿರ.

ಭಾರತದ ಎಕ್ಸ್‌ಚೇಂಜ್‌ಗಳ ವಹಿವಾಟು ಆ ಜುಲೈನಲ್ಲಿ ಧೊಪ್ಪಂತ ಬಿತ್ತು. ಜನ ಆಟ ಬಿಟ್ಟರಾ? ಮೈದಾನ ಬದಲಾಯಿಸಿದರು. ಟಿಡಿಎಸ್ ಹಿಡಿಯದ ವಿದೇಶಿ ಆ್ಯಪ್‌ಗಳಿಗೆ ಹೋದರು. ಅಲ್ಲಿಗೆ ರೂಪಾಯಿ ಕಳಿಸೋಕೆ ಬ್ಯಾಂಕ್ ದಾರಿ ಇಲ್ಲ. ಅದಕ್ಕೇ ಪಿ2ಪಿ, ಅಂದ್ರೆ ಆ್ಯಪ್ ಕಾಯಿನ್ ಹಿಡಿದಿಟ್ಟುಕೊಳ್ಳುತ್ತೆ, ಕೊಳ್ಳುವವನು ಮಾರುವವನ ಖಾತೆಗೆ ನೇರವಾಗಿ ರೂಪಾಯಿ ಹಾಕ್ತಾನೆ. ಬ್ಯಾಂಕಿನ ಕಣ್ಣಿಗೆ ಇಬ್ಬರು ಸಾಮಾನ್ಯ ಜನರ ಲೇವಾದೇವಿ.

2023ರಲ್ಲಿ ಅಣ್ಣ ಹಾಗೇ ಸ್ವಲ್ಪ ಯುಎಸ್‌ಡಿಟಿ ಮಾರಿದ. ಬಂದದ್ದು 38,000. ಹತ್ತು ದಿನ ಬಿಟ್ಟು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ್ರೆ ಪೇಮೆಂಟ್ ಫೇಲ್. ಬ್ಯಾಂಕಿಗೆ ಹೋದ್ರೆ "ನಿಮ್ಮ ಅಕೌಂಟ್ ಫ್ರೀಜ್ ಆಗಿದೆ, ಬೇರೆ ರಾಜ್ಯದ ಸೈಬರ್ ಪೊಲೀಸ್." ಆ 38,000 ಯಾರೋ ವಂಚನೆಗೊಳಗಾದ ಮನುಷ್ಯನ ದುಡ್ಡು, ಮೂರ್ನಾಲ್ಕು ಖಾತೆ ದಾಟಿ ಬಂದದ್ದು. ಖಾತೆಯಲ್ಲಿದ್ದ ಸಂಬಳ, ತಂಗಿಯ ಪಿಜಿ ಅಡ್ವಾನ್ಸ್, ಎಲ್ಲ ಸೇರಿ ಲಾಕ್. ದೊಡ್ಡಪ್ಪನಿಗೆ ವಿಷಯ ಗೊತ್ತಾಗಬಾರದು ಅಂತ ಎರಡು ತಿಂಗಳು ನನ್ನ ಹತ್ತಿರ ಕೈಗಡ ಇಸ್ಕೊಂಡು ಓಡಾಡಿದ. "ನಾನೇನು ಕದ್ದಿದೀನೇನೋ?" ಅಂತ ಕೇಳ್ತಿದ್ದ. ಕದ್ದಿರಲಿಲ್ಲ. ಆದ್ರೆ ಕಳೆದುಕೊಂಡವನೂ ಎಲ್ಲೋ ಒಬ್ಬ ಇದ್ದ ಅಲ್ವಾ? ಅವನ ಹೆಸರೂ ನಮಗೆ ತಿಳಿಯಲಿಲ್ಲ.

ದೇಶದೊಳಗಿನ ಎಕ್ಸ್‌ಚೇಂಜ್‌ನ ಬಾಗಿಲನ್ನ ಚಿಕ್ಕದು ಮಾಡಿದಷ್ಟೂ ಹಿಂಬಾಗಿಲು ದೊಡ್ಡದಾಯಿತು ಅಂತ ನಾನು ಹೇಳೋದು ಇದನ್ನ ನೋಡಿಯೇ. ಅಣ್ಣನ ತಪ್ಪು ಇಲ್ಲ ಅಂತಲ್ಲ, ಟ್ಯಾಕ್ಸ್ ತಪ್ಪಿಸೋಕೇ ಹೋಗಿದ್ದ, ಅವನೂ ಒಪ್ಪುತ್ತಾನೆ.

(5)

2023ರ ಮಾರ್ಚ್ 7ಕ್ಕೆ ಎಕ್ಸ್‌ಚೇಂಜ್‌ಗಳನ್ನ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದರು. ಕೆವೈಸಿ ಮಾಡಬೇಕು, ದಾಖಲೆ ಇಡಬೇಕು, ಅನುಮಾನದ ವ್ಯವಹಾರ ಕಂಡರೆ ಹಣಕಾಸು ಗುಪ್ತಚರ ಘಟಕಕ್ಕೆ, ಅಂದ್ರೆ ಎಫ್‌ಐಯುಗೆ ವರದಿ ಮಾಡಬೇಕು. ಡಿಸೆಂಬರ್‌ನಲ್ಲಿ ನೋಂದಾಯಿಸದ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್, ಜನವರಿಯಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯ. ಬೈನಾನ್ಸ್ 2024ರಲ್ಲಿ 18.82 ಕೋಟಿ ದಂಡ ಹಾಕಿಸಿಕೊಂಡು, ನೋಂದಾಯಿಸಿಕೊಂಡು ವಾಪಸ್ ಬಂತು. ಇದು ಕೆಲಸ ಮಾಡಿದ ನಿಯಮ ಅಂತ ನನ್ನ ಅಭಿಪ್ರಾಯ: ಏನು ಮಾಡಬೇಕು ಅಂತ ಬರೆದಿತ್ತು, ಮಾಡದಿದ್ರೆ ಏನಾಗುತ್ತೆ ಅಂತಲೂ ಬರೆದಿತ್ತು.

ಆದ್ರೆ ಅದು ಕಳ್ಳದುಡ್ಡು ಹಿಡಿಯೋ ಕಾನೂನು. ನಿಮ್ಮ ದುಡ್ಡು ಕಾಯೋ ಕಾನೂನಲ್ಲ. ವ್ಯತ್ಯಾಸ ಗೊತ್ತಾಗಿದ್ದು 2024ರ ಜುಲೈ 18ಕ್ಕೆ. ವಾಝಿರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕಾಯಿನ್ ಕಳವಾಯಿತು, ಹತ್ತಿರ ಹತ್ತಿರ 2,000 ಕೋಟಿ ರೂಪಾಯಿ. ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಅಂತ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಮುಂದಿನ ಜನವರಿಯಲ್ಲಿ ಒಟ್ಟಿಗೆ ಹೇಳಿದವು. ಗ್ರಾಹಕರು ಬಹುಪಾಲು ಭಾರತೀಯರು, ಪರಿಹಾರದ ಲೆಕ್ಕ ನಡೆದದ್ದು ಸಿಂಗಾಪುರದ ಕೋರ್ಟಿನಲ್ಲಿ, ಯಾಕಂದ್ರೆ ಸಂಬಂಧಪಟ್ಟ ಕಂಪನಿ ಅಲ್ಲಿಯದು. ಒಂದು ವರ್ಷಕ್ಕೂ ಹೆಚ್ಚು ಕಾಲ ಜನ ತಮ್ಮ ಕಾಯಿನ್ ತೆಗೆಯೋಕೆ ಆಗಲಿಲ್ಲ.

ಜಪಾನ್ ಹೆಸರು ಬಂತಲ್ಲ, ಒಂದು ಹೋಲಿಕೆ ನೋಡಿ. 2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆ ಅಂದರು. ಪೆಟ್ಟು ತಿಂದ ಜಪಾನ್ ಅಂಗಡಿಗೇ ಕಾನೂನು ಮಾಡಿತು. 2017ರಿಂದ ನೋಂದಣಿ ಕಡ್ಡಾಯ, ಗ್ರಾಹಕರ ಆಸ್ತಿ ಬೇರೆ, ಕಂಪನಿಯ ಆಸ್ತಿ ಬೇರೆ. 2018ರಲ್ಲಿ ಕಾಯಿನ್‌ಚೆಕ್ ಕಳವಾದ ಮೇಲೆ ಇನ್ನೂ ಬಿಗಿ ಮಾಡಿದರು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಇಡೀ ಜಗತ್ತಿನಲ್ಲಿ ಕುಸಿದಾಗ, ಅದರ ಜಪಾನ್ ಶಾಖೆಯ ಗ್ರಾಹಕರು ಮುಂದಿನ ಫೆಬ್ರವರಿಯಲ್ಲೇ ದುಡ್ಡು ತೆಗೆಯೋಕೆ ಶುರು ಮಾಡಿದರು. ಬೇರೆ ದೇಶದ ಗ್ರಾಹಕರು ಆಗಿನ್ನೂ ದಿವಾಳಿ ಕೋರ್ಟಿನ ಸಾಲಿನಲ್ಲಿ ನಿಂತಿದ್ದರು.

ನಮ್ಮಲ್ಲಿ ಆ ಪ್ರಶ್ನೆ ಕೋರ್ಟುಗಳ ಮೂಲಕವೇ ಬರ್ತಿದೆ. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟು ವಾಝಿರ್‌ಎಕ್ಸ್‌ನ ಒಬ್ಬ ಗ್ರಾಹಕರ ಅರ್ಜಿಯಲ್ಲಿ, ಕ್ರಿಪ್ಟೋ ಅನ್ನೋದು ಆಸ್ತಿ, ಮಾಲೀಕರ ಪರವಾಗಿ ಇನ್ನೊಬ್ಬರು ಅದನ್ನ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದಾದ ಆಸ್ತಿ ಅಂತ ಹೇಳಿತು. ಸುತ್ತೋಲೆಯ ಕಾಲದಿಂದ ಲೆಕ್ಕ ಹಾಕಿದ್ರೆ ಏಳೂವರೆ ವರ್ಷ ಬೇಕಾಯಿತು, "ಇದು ಗ್ರಾಹಕರದ್ದು" ಅನ್ನೋ ಮಾತು ಒಂದು ತೀರ್ಪಿನಲ್ಲಿ ಬರೋಕೆ.

ಅಣ್ಣನ ಖಾತೆ ಏಳು ತಿಂಗಳಾದ ಮೇಲೆ ತೆರೀತು, ವಿವಾದದ 38,000 ಬಿಟ್ಟು. ಅದು ಇವತ್ತಿಗೂ ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ "ಲೀನ್" ಅಂತ ಕಾಣಿಸುತ್ತೆ. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ. ಅವರಿಗೆ ಈ ಆ್ಯಪ್ ಇಲ್ಲ, ಇರೋರು ಯಾರೂ ಸ್ಕ್ರೀನ್‌ಶಾಟ್ ಕಳಿಸಬೇಡ್ರಪ್ಪ.