ಬೆಸ್ತನಿಗೆ ಹೆಸರಿಲ್ಲ

ಕಾಳಿದಾಸನ ಶಾಕುಂತಲವನ್ನು ವಸಾಹತೋತ್ತರ ಕಣ್ಣಿನಿಂದ ಓದುವುದೆಂದರೆ ನಮ್ಮ ವಿಮರ್ಶಕರು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ 1789ರಲ್ಲಿ ಅದನ್ನು ಇಂಗ್ಲಿಷಿಗೆ ತಂದ, 1791ರಲ್ಲಿ ಅದು ಜರ್ಮನ್ ಭಾಷೆಗೆ ಹೋಯಿತು, ಗಯಟೆ ಮೆಚ್ಚಿದ, ಕಾಳಿದಾಸ ಭಾರತದ ಶೇಕ್ಸ್‌ಪಿಯರ್ ಆದ. ಬಿಳಿಯನ ಮೆಚ್ಚುಗೆಯ ಕನ್ನಡಿಯಲ್ಲಿ ನಾವು ಮುಖ ನೋಡಿಕೊಂಡೆವು ಅನ್ನುವುದು ಈ ಓದಿನ ಸಾರ. ಸುಳ್ಳೇನಲ್ಲ. ಆದರೆ ಈ 'ನಾವು' ಯಾರು?

ಅದೇ ಜೋನ್ಸ್ 1794ರಲ್ಲಿ ಮನುಸ್ಮೃತಿಯನ್ನೂ ಇಂಗ್ಲಿಷಿಗೆ ತಂದ. ಒಂದೇ ಕೈ, ಐದು ವರ್ಷದ ಅಂತರ. ನಾಟಕ ಯುರೋಪಿನ ರಸಿಕರಿಗೆ, ಸ್ಮೃತಿ ಕಂಪನಿಯ ಕೋರ್ಟುಗಳಿಗೆ. ಹಿಂದೂಗಳ ಮದುವೆ, ಉತ್ತರಾಧಿಕಾರದ ವ್ಯಾಜ್ಯಗಳು ಶಾಸ್ತ್ರದ ಪ್ರಕಾರ ತೀರ್ಮಾನವಾಗಬೇಕೆಂದು ವಾರನ್ ಹೇಸ್ಟಿಂಗ್ಸ್ 1772ರಲ್ಲೇ ಗೊತ್ತುಮಾಡಿದ್ದ. ಯಾರ ಶಾಸ್ತ್ರ ಅಂತ ಕೇರಿಯವರನ್ನು ಯಾರೂ ಕೇಳಲಿಲ್ಲ. ನಾಟಕವನ್ನು ಮನುವಿನಿಂದ ಬಿಡಿಸಿ ಓದುವ ವಿಮರ್ಶೆ ಅರ್ಧ ಮಾತ್ರ ವಸಾಹತೋತ್ತರ.

ಮೈಸೂರಿಗೆ ಬರೋಣ. 1831ರಲ್ಲಿ ಬ್ರಿಟಿಷರು ಕಿತ್ತುಕೊಂಡ ಆಡಳಿತ 50 ವರ್ಷದ ಮೇಲೆ, 1881ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕೈಗೆ ಮರಳಿತು. ಅವರ ಆಸ್ಥಾನದ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದರು; ಒಥೆಲೊ ನಾಟಕವನ್ನು 'ಶೂರಸೇನ ಚರಿತ್ರೆ' ಮಾಡಿದವರೂ ಅವರೇ. ಕಳೆದುಹೋದ ಮುದ್ರೆಯುಂಗುರ ಸಿಕ್ಕಿ ದೊರೆಗೆ ತನ್ನದೆಲ್ಲ ಮರಳುವ ಕಥೆ ಆ ಅರಮನೆಗೆ ಎಷ್ಟು ಹಿತವಾಗಿದ್ದಿರಬೇಕು! ರಾಜ್ಯ ಬಂತು, ರೆಸಿಡೆಂಟ್ ಮಾತ್ರ ಹೋಗಲಿಲ್ಲ. ಇದು ನನ್ನ ಊಹೆ. ಆದರೆ ಉಂಗುರ ಸಿಕ್ಕಿದ್ದು ಯಾರಿಗೆ ಅನ್ನುವುದು ಊಹೆಯಲ್ಲ.

ಆರನೆಯ ಅಂಕದ ಮೊದಲಿಗೆ ಇಬ್ಬರು ಕಾವಲುಗಾರರು ಒಬ್ಬ ಬೆಸ್ತನ ಕೈಗಳನ್ನು ಹಿಂದಕ್ಕೆ ಕಟ್ಟಿ, ಬಡಿಯುತ್ತಾ ತರುತ್ತಾರೆ. ಜೊತೆಗೆ ಅವರ ಮೇಲಧಿಕಾರಿ, ದೊರೆಯ ಭಾವಮೈದುನ. ತಾನು ಮೀನುಗಾರ ಅಂತ ಹೇಳಲು ಬಾಯಿ ತೆರೆದರೆ, ನಿನ್ನ ಜಾತಿ ಕೇಳಿದವರು ಯಾರು ಎಂದು ಗದರುತ್ತಾರೆ. ಬಹಳ ಶುದ್ಧವಾದ ಕಸುಬಪ್ಪಾ ಎಂಬ ಕುಚೋದ್ಯ ಬೇರೆ. ಆಮೇಲೆ ಅವನ ಮೈಯ ಹಸಿಮಾಂಸದ ವಾಸನೆಯಿಂದಲೇ ಇವನು ಮೀನುಗಾರ ಹೌದು ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಜಾತಿ ಕೇಳುವುದಿಲ್ಲ, ಮೂಸಿ ನೋಡುತ್ತಾರೆ. ಕಾವಲುಗಾರರಿಗೂ ಹೆಸರುಂಟು, ಬೆಸ್ತನಿಗೆ ಇಲ್ಲ.

ಅವನು ಕೊಡುವ ಉತ್ತರವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಹುಟ್ಟಿನಿಂದ ಬಂದ ಕೆಲಸವನ್ನು ಜನ ಹಳಿದರೂ ಬಿಡಬಾರದು ಅನ್ನುತ್ತಾನೆ. ಗೀತೆಯ ಹದಿನೆಂಟನೆಯ ಅಧ್ಯಾಯದ ಮಾತಿದು. ನಿಷಾದರಿಗೆ ಮೀನು ಕೊಲ್ಲುವುದನ್ನೇ ಕಸುಬಾಗಿ ಗೊತ್ತುಮಾಡುವ ಮನುವಿನ ಹತ್ತನೆಯ ಅಧ್ಯಾಯದ ಮಾತೂ ಹೌದು. ಏಟು ತಿನ್ನುತ್ತಿರುವವನ ಬಾಯಲ್ಲೇ ಏಟಿನ ಕಾನೂನು! ಆದರೆ ಅದೇ ಉಸಿರಲ್ಲಿ, ಯಜ್ಞದಲ್ಲಿ ಪಶು ಕೊಲ್ಲುವ ಶ್ರೋತ್ರಿಯನೂ ಕರುಣಾಳುವೇ ಅಲ್ಲವೇ ಎಂದುಬಿಡುತ್ತಾನೆ. ಕೈ ಕಟ್ಟಬಹುದು, ನಾಲಿಗೆ ಕಟ್ಟೋದು ಕಷ್ಟ. ಇಲ್ಲಿ ಕವಿ ಯಾರ ಪರ ಅಂತ ಸುಲಭಕ್ಕೆ ಹೇಳಲಾರೆ.

ಮಹಾಭಾರತದ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದೊರೆ ಗೊತ್ತಿದ್ದೂ ಸುಳ್ಳಾಡುತ್ತಾನೆ. ರೊಮಿಲಾ ಥಾಪರ್ 1999ರ ತಮ್ಮ ಪುಸ್ತಕದಲ್ಲಿ ಈ ಎರಡು ಶಕುಂತಲೆಯರನ್ನು ಎದುರುಬದುರು ಇಟ್ಟು ನೋಡಿದ್ದಾರೆ. ನಾನು ಸೇರಿಸುವುದಿಷ್ಟೇ: ದೊರೆಯ ಕಳಂಕ ತೊಳೆಯಲು ಕವಿಗೆ ಬೆಸ್ತನ ಬಲೆ ಬೇಕಾಯಿತು. ಕೆಲಸ ಮುಗಿದ ಮೇಲೆ ಇನಾಮಿನ ಅರ್ಧ ಕಾವಲುಗಾರರ ಪಾಲು, ಎಲ್ಲರೂ ಹೆಂಡದಂಗಡಿಗೆ. ಆಮೇಲೆ ಬೆಸ್ತ ರಂಗಕ್ಕೆ ಬರುವುದೇ ಇಲ್ಲ.

ನಾನು ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯವನು, ಕಾವೇರಿ ಸೀಮೆಯವನು. ನಮ್ಮ ಕಡೆ ಬೆಸ್ತರು ದಲಿತರಲ್ಲ, ಹಿಂದುಳಿದ ಪಟ್ಟಿಯವರು. ಅವರ ಬೀದಿಗೂ ನಮ್ಮ ಕೇರಿಗೂ ನಡುವೆ ಗೆರೆಯಿದೆ. ಹಾಗಾಗಿ ಇವನನ್ನು ಸುಮ್ಮನೆ ದಲಿತ ಅಂತ ಕರೆದು ಕೈತೊಳೆದುಕೊಳ್ಳಲಾರೆ. ಆದರೆ ವಾಸನೆ ಹಿಡಿಯುವ ಆ ಮೂಗು ಇಬ್ಬರಿಗೂ ಗೊತ್ತು.

ಮೂಲದಲ್ಲಿ ದೊರೆಗೆ ಸಂಸ್ಕೃತ, ಬೆಸ್ತನಿಗೆ ಪ್ರಾಕೃತ. ಈ ದೃಶ್ಯವನ್ನು ನಿಮ್ಮೂರ ಮಾತಿಗೆ ತನ್ನಿ ಎಂದು ತರಗತಿಯಲ್ಲಿ ಹೇಳಿದೆ. ಒಬ್ಬ ಹುಡುಗ ಎದ್ದು, "ಸಾ, ಇವ್ನು ಅಧಿಕಾರೀನ ಸ್ವಾಮಿ ಅನ್ಬೇಕಾ, ಬುದ್ಧೀ ಅನ್ಬೇಕಾ?" ಅಂದ. ಸ್ವಾಮಿ ಅಂದರೆ ನಾಟಕದ ಕನ್ನಡ, ಬುದ್ಧೀ ಅಂದರೆ ಅವರಜ್ಜ ಗೌಡರ ಜಗಲಿ ಕೆಳಗೆ ನಿಂತು ಅಂದ ಕನ್ನಡ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಏನೂ ಅನ್ನೋದ್ ಬ್ಯಾಡ, ಮೊದ್ಲು ಕೈ ಬಿಚ್ಚು ಅನ್ಲಿ" ಅಂದಳು. ಗಂಟೆ ಹೊಡೆದರೂ ಜಗಳ ಹರಿಯಲಿಲ್ಲ. ಎರಡು ಪಾಠವನ್ನೂ ಬರೆದುಕೊಂಡು ಬನ್ನಿ ಅಂದಿದ್ದೇನೆ.