ದೂರವಾಣಿ ತಂತಿಯ ಮಾಹಿತಿ ವೇಗ: ಹಳೆಯ ಲೆಕ್ಕ, ಹೊಸ ಮಾನ

ತಂತಿಯ ಮೇಲೆ ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಸಾಗುತ್ತದೆ ಎಂಬುದನ್ನು ಕಾಲಕಾಲಕ್ಕೆ ಬೇರೆ ಬೇರೆ ಮಾನಗಳಲ್ಲಿ ಅಳೆದಿದ್ದಾರೆ. ಮೋರ್ಸ್ ಕಾಲದಲ್ಲಿ ನಿಮಿಷಕ್ಕೆ ಇಷ್ಟು ಪದ ಎನ್ನುತ್ತಿದ್ದರು, ಟೆಲೆಕ್ಸ್‌ಗೆ ಬಾಡ್ (ಸೆಕೆಂಡಿಗೆ ಸಾಗುವ ಸಂಕೇತಗಳ ಎಣಿಕೆ) ಬಂತು, ಮೋಡೆಮ್‌ಗೆ ಬಿಟ್, ಈಗ ಮೆಗಾಬಿಟ್. ಹಳೆಯ ಅಂಕಿಯನ್ನು ಗುಣಿಸಿ ಭಾಗಿಸಿದರೆ ಹೊಸ ಅಂಕಿ ಸಿಗುತ್ತದೆ ಎಂಬ ನಂಬಿಕೆ ಸಾಮಾನ್ಯ. ಆದರೆ ಆ ಅಂಕಿ ಏನನ್ನು ಎಣಿಸುತ್ತಿತ್ತು ಎಂದು ಕೇಳದೆ ಮಾಡಿದ ಪರಿವರ್ತನೆ ಇತಿಹಾಸವನ್ನು ತಪ್ಪಾಗಿ ಹೇಳುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಂಥ ಊರುಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿ ಕಂದಾಯದ ನಕ್ಷೆಯೂ ದೂರವಾಣಿಯ ನಕ್ಷೆಯೂ ಒಂದೇ ದಾರಿಯಲ್ಲಿ ನಡೆದಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅದರ ಎಸ್‌ಟಿಡಿ ಕೋಡ್ 08398 ಮಾತ್ರ ಬಳ್ಳಾರಿ ಸೀಮೆಯ ಸಾಲಿನಲ್ಲೇ, ಕೂಡ್ಲಿಗಿಯ 08391, ಹಗರಿಬೊಮ್ಮನಹಳ್ಳಿಯ 08397, ಹೂವಿನಹಡಗಲಿಯ 08399ರ ಜೊತೆಗೇ ಉಳಿಯಿತು.

ಹರಪನಹಳ್ಳಿ ಎಂಬ ಹೆಸರನ್ನೇ ಅಳತೆಗೆ ಇಟ್ಟುಕೊಳ್ಳಬಹುದು. ಇಂಗ್ಲಿಷಿನಲ್ಲಿ ಬರೆದ ಈ ಹೆಸರಿನಲ್ಲಿ 13 ಅಕ್ಷರಗಳಿವೆ. ಅಂತರರಾಷ್ಟ್ರೀಯ ಮೋರ್ಸ್‌ನಲ್ಲಿ, ಅಕ್ಷರಗಳ ನಡುವಿನ ಬಿಡುವೂ ಸೇರಿ, ಅದಕ್ಕೆ 119 ಚುಕ್ಕೆಗಳಷ್ಟು ಹೊತ್ತು ಬೇಕು. ನಿಮಿಷಕ್ಕೆ 20 ಪದ ಕಳಿಸುವ ನುರಿತ ಕೈಗೆ ಒಂದು ಚುಕ್ಕೆ ಎಂದರೆ 60 ಮಿಲಿಸೆಕೆಂಡ್, ಹಾಗಾಗಿ ಊರಿನ ಹೆಸರಿಗೇ ಏಳು ಸೆಕೆಂಡ್ ಮೀರುತ್ತದೆ. 50 ಬಾಡ್ ವೇಗದ ಟೆಲೆಕ್ಸ್‌ನಲ್ಲಿ ಒಂದು ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಸಂಕೇತ ಸೇರಿ ಏಳೂವರೆ ಘಟಕ. ಅದೇ ಹೆಸರು ಎರಡು ಸೆಕೆಂಡಿನೊಳಗೆ ಮುಗಿಯುತ್ತದೆ. 300 ಬಿಟ್‌ಗಳ ಮೋಡೆಮ್‌ನಲ್ಲಿ ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಬಾಡ್ ಮತ್ತು ಬಿಟ್ ಒಂದೇ ಎಂಬ ತಿಳಿವಳಿಕೆ ಹುಟ್ಟಿದ್ದೂ ಇಲ್ಲೇ. 300ರ ಮೋಡೆಮ್ ಒಂದು ಸಂಕೇತಕ್ಕೆ ಒಂದೇ ಬಿಟ್ ಹೊರುತ್ತಿದ್ದರಿಂದ ಎರಡೂ ಅಂಕಿ ಒಂದೇ ಆಗಿದ್ದವು. 9600 ಬಿಟ್‌ಗಳ ಮೋಡೆಮ್ ಸೆಕೆಂಡಿಗೆ ಕಳಿಸುತ್ತಿದ್ದದ್ದು 2400 ಸಂಕೇತ, ಒಂದೊಂದರಲ್ಲಿ ನಾಲ್ಕು ಬಿಟ್. ಅದನ್ನು 9600 ಬಾಡ್ ಎಂದು ಬರೆದಿರುವ ಕಾಗದ ಸಿಕ್ಕರೆ ಅದು ತಪ್ಪೆಂದೇ ತಿಳಿಯಬೇಕು.

ಬಿಟ್ ಬಿಟ್ಟೇ ಅಲ್ಲವೇ, ಎಂಟರಿಂದ ಭಾಗಿಸಿದರೆ ಬೈಟ್ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಡಯಲ್-ಅಪ್ ಕಾಲದ ಸರಳ ಸಂಪರ್ಕದಲ್ಲಿ ಎಂಟು ಬಿಟ್‌ಗಳ ಹಿಂದೊಂದು ಮುಂದೊಂದು ಬಿಟ್ ಸೇರುತ್ತಿದ್ದವು. ಅಲ್ಲಿ ಭಾಜಕ ಎಂಟಲ್ಲ, ಹತ್ತು. 9600ಕ್ಕೆ ಸಿಗುವುದು 960 ಬೈಟ್. ಕನ್ನಡದ ಓದುಗನಿಗೆ ಇನ್ನೊಂದು ಹೆಜ್ಜೆಯೂ ಇದೆ, ಅದನ್ನು ಯಾವ ಪರಿವರ್ತನಾ ಕೋಷ್ಟಕವೂ ತೋರಿಸುವುದಿಲ್ಲ. ಹರಪನಹಳ್ಳಿ ಎಂದು ಕನ್ನಡದಲ್ಲಿ ಬರೆದರೆ, ಒತ್ತು ಗುಣಿತಗಳನ್ನು ಬಿಡಿಸಿ ಎಣಿಸಿದಾಗ, ಒಂಬತ್ತು ಸಂಕೇತಗಳಾಗುತ್ತವೆ. 1991ರ ಇಸ್ಕಿ ಅಕ್ಷರಸಂಕೇತ ಪದ್ಧತಿಯಲ್ಲಿ ಅವು ಒಂಬತ್ತೇ ಬೈಟ್, ಇಂಗ್ಲಿಷಿನ ಹದಿಮೂರಕ್ಕಿಂತ ಕಡಿಮೆ. ಇಂದಿನ ಯುಟಿಎಫ್-8ರಲ್ಲಿ ಅವೇ 27 ಬೈಟ್. ತಂತಿಯ ವೇಗ ಒಂದೇ ಇದ್ದರೂ ಕನ್ನಡಕ್ಕೆ ಹಿಡಿಯುವ ಹೊತ್ತು ಮೂರು ಪಟ್ಟಾಯಿತು. ಹಳೆಯ ತಂತಿ ಕನ್ನಡಕ್ಕೆ ಎಷ್ಟು ನಿಧಾನವಾಗಿತ್ತು ಎಂದು ಇವತ್ತಿನ ಬೈಟ್ ಲೆಕ್ಕದಲ್ಲಿ ಹೇಳುವವರು ಆ ತಂತಿಗೆ ಅನ್ಯಾಯ ಮಾಡುತ್ತಾರೆ.

ಡಿಜಿಟಲ್ ಎಕ್ಸ್‌ಚೇಂಜ್ ಬಂದ ಮೇಲೆ ಮೂಲ ಘಟಕವೇ ಬದಲಾಯಿತು. ಹವಾನಿಯಂತ್ರಣವಿಲ್ಲದೆ ನಡೆಯುವಂತೆ ಕೇಂದ್ರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಡಿಜಿಟಲ್ ಜಾಲದಲ್ಲಿ ಮಾತನ್ನು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಯನ್ನು ಎಂಟು ಬಿಟ್‌ಗಳಲ್ಲಿ ಬರೆಯುತ್ತಾರೆ. ಒಂದು ಕರೆಗೆ 64,000 ಬಿಟ್ ಆಗುವುದು ಹೀಗೆ. ಅಂಥ 32 ಪಾಲು ಸೇರಿದರೆ 20,48,000. ಇದೇ ಕಚೇರಿ ಕಾಗದಗಳ '2 ಎಂಬಿಪಿಎಸ್' ಲೈನು. ಎರಡು ಪಾಲು ಹೊಂದಾಣಿಕೆಗೂ ಸೂಚನೆಗಳಿಗೂ ಹೋಗಿ 30 ಕರೆಗಳಿಗೆ ಜಾಗ ಉಳಿಯುತ್ತದೆ. 2005ರಲ್ಲಿ ಮಂಜೂರಾದ ಕೇಂದ್ರದ ರಾಜ್ಯವ್ಯಾಪಿ ಜಾಲ ಯೋಜನೆ ತಾಲೂಕು ಮಟ್ಟದ ತನಕ ಕನಿಷ್ಠ 2 ಮೆಗಾಬಿಟ್ ಕೇಳಿತ್ತು. ಇವತ್ತಿನ ಕಣ್ಣಿಗೆ ಅದು ಚಿಲ್ಲರೆ. ಮೂವತ್ತು ಟ್ರಂಕ್ ಲೈನುಗಳ ಬಲ ಎಂದು ಓದಿದಾಗ ಅದರ ನಿಜವಾದ ತೂಕ ತಿಳಿಯುತ್ತದೆ.

ಎಷ್ಟು ಲೆಕ್ಕ ಹಾಕಿದರೂ ಹಳೆಯದು ನಿಧಾನವೇ ಅಲ್ಲವೇ ಎಂಬ ಆಕ್ಷೇಪ ಉಳಿಯುತ್ತದೆ. ನಿಧಾನವೇ, ಅದರಲ್ಲಿ ಸಂಶಯವಿಲ್ಲ. ಆದರೆ 64 ಕಿಲೋಬಿಟ್ ಲೀಸ್ಡ್ ಲೈನು ಹಿಡಿದವನಿಗೆ ಅಷ್ಟೂ ಅವನದೇ. 100 ಮೆಗಾಬಿಟ್ ಎಂಬ ಭಾರತ್‌ನೆಟ್ ಯೋಜನೆಯ ಗುರಿ ಇಡೀ ಗ್ರಾಮ ಪಂಚಾಯಿತಿಗೆ ಸೇರಿದ್ದು, ಹಂಚಿಕೊಳ್ಳಬೇಕಾದದ್ದು. ಭಾಗಿಸದೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಬ್ರಾಡ್‌ಬ್ಯಾಂಡ್ ಎಂಬ ಗೆರೆಯೂ ನಿಂತಲ್ಲಿ ನಿಂತಿಲ್ಲ: 2004ರ ನೀತಿಯಲ್ಲಿ 256 ಕಿಲೋಬಿಟ್, ಅಂದರೆ ನಾಲ್ಕು ಕರೆಗಳ ಪಾಲು, 2013ರಲ್ಲಿ 512, 2023ರಲ್ಲಿ 2 ಮೆಗಾಬಿಟ್. ಮೊದಲು ತಾಲೂಕು ಕಚೇರಿಗಳ ಮಟ್ಟಕ್ಕೆ ಇಟ್ಟಿದ್ದ ಕನಿಷ್ಠ ಮಿತಿಯೇ ಈಗ ಒಬ್ಬ ಗ್ರಾಹಕನ ಕನಿಷ್ಠವಾಗಿದೆ.

ಈ ತಾಲೂಕುಗಳ ಚರಿತ್ರೆ ಬರೆಯುವವರು ಹಳೆಯ ಬಿಲ್ಲಿನಲ್ಲೋ ಟೆಂಡರ್ ಕಾಗದದಲ್ಲೋ ಇಂಥ ಅಂಕಿ ಕಂಡಾಗ ಮೊದಲು ಅದನ್ನು ಇದ್ದ ಹಾಗೆಯೇ ಬರೆದುಕೊಳ್ಳಲಿ. ಅದು ಸಂಕೇತವೋ ಬಿಟ್ಟೋ, ಭಾಜಕ ಎಂಟೋ ಹತ್ತೋ, ಲೈನು ಒಬ್ಬರದೋ ಹಲವರದೋ ಎಂಬುದನ್ನು ಪಕ್ಕದಲ್ಲಿ ಗುರುತು ಮಾಡಿ, ಆಮೇಲೆ ಮೆಗಾಬಿಟ್‌ಗೆ ತರಲಿ.